ಲಸಿಕೆ ಹಾಕಿಸಿದ ದನಕ್ಕೂ ಕಾಲುಬಾಯಿ ಬೇನೆ ಬಂದಿದೆಯೇ? ಗುರುತಿಸುವ ಬಗೆ

ಪಶುಪಾಲನೆ: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಲುಬಾಯಿ ಬೇನೆಯ ಕುರಿತಾಗಿಯೇ ಇದ್ದುದರಿಂದ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಅವರ ಇಚ್ಛೆಯಂತೆ ಕೈಬಿಡಲಾಗಿದೆ.

ಪ್ರಶ್ನೆ: ನಮ್ಮ ಕೊಟ್ಟಿಗೆಯಲ್ಲಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ಹಸುಗಳೂ ಒಂದು ಜೊತೆ ಹಳ್ಳಿಕಾರ್ ಎತ್ತುಗಳೂ ಇವೆ. ಇವೆಲ್ಲಕ್ಕೂ ಲಸಿಕೆಯಾಗಿದೆ. ಸಂತೆಯಿಂದ ಇತ್ತೀಚೆಗೆ ತಂದ ಹಸುವಿಗೂ ಅದರ ಕರುವಿಗೂ ಆಗಿಲ್ಲ. ಪಕ್ಕದ ಊರಿನಲ್ಲಿ ಬೇನೆ ಕಾಣಿಸಿಕೊಂಡಿದೆ. ಲಸಿಕೆ ಆದ ದನದಲ್ಲಿ ಮತ್ತು ಆಗದ ದನದಲ್ಲಿ ಅದನ್ನು ಬೇರೆ ಬೇರೆಯಾಗಿ ಗುರುತಿಸಬೇಕೇ? (ಕೋಲಾರ ಜಿಲ್ಲೆಯ ಓದುಗರು)

ಉತ್ತರ: ಹೌದು, ನೋಡುವ ಕಣ್ಣು ಎರಡೂ ಕಡೆ ಒಂದೇ ಆಗಿದ್ದರೆ ಸಾಲದು. ಮೊದಲು ಲಸಿಕೆ ಆಗದ ಹಸುವಿನ ವಿಚಾರ. ವೈರಸ್ಸು ಒಳಹೊಕ್ಕ 2ರಿಂದ 14 ದಿನಗಳೊಳಗೆ ಜ್ವರ ಬರುತ್ತದೆ. ಥರ್ಮಾಮೀಟರು 104 ಡಿಗ್ರಿ ಫ್ಯಾರನ್‌ಹೀಟನ್ನು ದಾಟಿ 106ರವರೆಗೂ ಹೋಗಬಹುದು. ಹಸು ಮೇವು ಬಿಡುತ್ತದೆ, ಮೆಲುಕು ನಿಲ್ಲಿಸುತ್ತದೆ, ಹಾಲು ಒಮ್ಮೆಲೇ ಕುಸಿಯುತ್ತದೆ. ಅದರ ಹಿಂದೆಯೇ ನಾಲಿಗೆ, ವಸಡು, ತುಟಿಯ ಒಳಭಾಗ, ಗೊರಸಿನ ಸೀಳು, ಗೊರಸು ಚರ್ಮಕ್ಕೆ ಕೂಡುವ ಅಂಚು ಮತ್ತು ಮೊಲೆತೊಟ್ಟುಗಳ ಮೇಲೆ ನೀರುಗುಳ್ಳೆಗಳು ಏಳುತ್ತವೆ. ಬಾಯಿಯ ಗುಳ್ಳೆಗಳು ಸಾಮಾನ್ಯವಾಗಿ ಒಂದು ದಿನದೊಳಗೆ ಒಡೆದುಹೋಗುವುದರಿಂದ ರೈತರು ಕಾಣುವುದು ಗುಳ್ಳೆಯನ್ನಲ್ಲ, ಸಿಪ್ಪೆ ಕಳಚಿದ ಕೆಂಪು ಹುಣ್ಣನ್ನು. ನೂಲಿನಂತೆ ಇಳಿಯುವ ಜೊಲ್ಲು, ಬಾಯಿ ಚಪ್ಪರಿಸುವ ಸದ್ದು, ಒಂದೊಂದೇ ಕಾಲೆತ್ತಿ ಝಾಡಿಸುವುದು ಇವೆಲ್ಲ ಅನಂತರದ ಲಕ್ಷಣಗಳು. ಎಳೆಗರುವಿನ ಸಂಗತಿ ಇನ್ನೂ ಕಠಿಣ. ಅದರ ಬಾಯಿಯಲ್ಲಿ ಒಂದು ಹುಣ್ಣೂ ಕಾಣದಿರಬಹುದು. ವೈರಸ್ಸು ಹೃದಯದ ಸ್ನಾಯುವನ್ನೇ ಹಿಡಿದು, ನಿಂತಿದ್ದ ಕರು ಇದ್ದಕ್ಕಿದ್ದಂತೆ ಬಿದ್ದು ಸಾಯಬಹುದು. ಸುತ್ತಮುತ್ತ ಬೇನೆಯಿರುವಾಗ ಕರು ಹೀಗೆ ಸತ್ತರೆ ಅದನ್ನು ಹಾವು ಕಚ್ಚಿದ್ದೋ ಅಜೀರ್ಣವೋ ಎಂದು ಹೂತುಬಿಡಬೇಡಿ, ವೈದ್ಯರಿಗೆ ತಿಳಿಸಿ.

ಲಸಿಕೆಯಾದ ಹಸುವಿನಲ್ಲಿ ಈ ಚಿತ್ರವೇ ಬದಲಾಗುತ್ತದೆ. ಲಸಿಕೆಯಿಂದ ಹುಟ್ಟಿದ ಪ್ರತಿಕಾಯಗಳು (ರೋಗಾಣುವನ್ನು ಎದುರಿಸಲು ಮೈ ತಯಾರಿಸುವ ಪ್ರೋಟೀನುಗಳು) ರಕ್ತದಲ್ಲಿರುವುದರಿಂದ ವೈರಸ್ಸು ರಕ್ತದ ಮೂಲಕ ಕಾಲಿಗೂ ಕೆಚ್ಚಲಿಗೂ ಹರಡುವುದನ್ನು ಅವು ತಡೆಯುತ್ತವೆ. ಆದರೆ ವೈರಸ್ಸು ಮೊದಲು ಬಂದು ಕೂರುವ ಗಂಟಲಿನ ಒಳಪದರದಲ್ಲಿ ಅದು ಸ್ವಲ್ಪಮಟ್ಟಿಗೆ ಬೆಳೆಯುವುದನ್ನು ಪೂರ್ತಿಯಾಗಿ ತಡೆಯಲು ಅವುಗಳಿಂದ ಆಗದು. ಹೀಗಾಗಿ ಒಂದು ದಿನದ ಸಣ್ಣ ಜ್ವರ, ಒಂದೆರಡು ಲೀಟರು ಹಾಲಿನ ಇಳಿಕೆ, ನಾಲಿಗೆಯ ಮೇಲೆ ಒಂದೇ ಒಂದು ಸಣ್ಣ ಹುಣ್ಣು, ಇಷ್ಟರಲ್ಲೇ ಬೇನೆ ಮುಗಿದುಹೋಗಬಹುದು. ಎಷ್ಟೋ ಹಸುಗಳಲ್ಲಿ ಹೊರಗೆ ಏನೂ ಕಾಣುವುದೇ ಇಲ್ಲ. ಕುಂಟು ಇಲ್ಲ, ಜೊಲ್ಲು ಇಲ್ಲ, ಆದ್ದರಿಂದ ಕಾಲುಬಾಯಿ ಬೇನೆ ಅಲ್ಲ ಎಂಬ ತೀರ್ಮಾನ ಲಸಿಕೆಯಾದ ಕೊಟ್ಟಿಗೆಯಲ್ಲಿ ನಿಲ್ಲುವುದಿಲ್ಲ. ಲಕ್ಷಣ ತೋರದ ಆ ಹಸು ಪಕ್ಕದಲ್ಲಿ ಕಟ್ಟಿದ, ಲಸಿಕೆಯಿಲ್ಲದ ಕರುವಿಗೆ ಸೋಂಕು ದಾಟಿಸುವ ಸಾಧ್ಯತೆ ಕಡಿಮೆಯಾದರೂ ಇಲ್ಲವೆನ್ನುವಂತಿಲ್ಲ. ನಿಮ್ಮ ಹಳ್ಳಿಕಾರ್ ಎತ್ತುಗಳ ವಿಷಯದಲ್ಲಿ ಇನ್ನೊಂದು ಮಾತು ಸೇರಿಸಬೇಕು: ನಾಟಿ ತಳಿಗಳಲ್ಲಿ ಈ ಬೇನೆ ಮಿಶ್ರತಳಿಗಳಿಗಿಂತ ಸೌಮ್ಯವಾಗಿ ಸಾಗುವುದುಂಟು, ಹಾಗಾಗಿ ಅವುಗಳಲ್ಲಿ ಲಕ್ಷಣ ಮರೆಯಾಗಲು ತಳಿ ಮತ್ತು ಲಸಿಕೆ ಎಂಬ ಎರಡು ಕಾರಣಗಳು ಒಟ್ಟಿಗೇ ಇರುತ್ತವೆ.

ಆದ್ದರಿಂದ ಬೇನೆ ಹತ್ತಿರದಲ್ಲಿರುವಷ್ಟು ದಿನ ನೀವು ಮಾಡಬೇಕಾದ್ದು ಎರಡು ಕೆಲಸ. ಪ್ರತಿ ಬೆಳಿಗ್ಗೆ ಎಲ್ಲ ದನಗಳ ಜ್ವರವನ್ನು ಗುದದ್ವಾರದಲ್ಲಿ ಥರ್ಮಾಮೀಟರಿಟ್ಟು ನೋಡಿ ಬರೆದಿಡಿ. ದನದ ಸಹಜ ಶಾಖ 101.5 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಜೊತೆಗೆ ಪ್ರತಿ ಹಸುವಿನ ಹಾಲಿನ ಅಳತೆಯನ್ನು ಪ್ರತ್ಯೇಕವಾಗಿ ಬರೆಯಿರಿ. ಲಸಿಕೆಯಾದ ಹಸುವಿನಲ್ಲಿ ಬೇನೆ ತನ್ನ ಸುಳಿವು ಕೊಡುವುದು ಹೆಚ್ಚಾಗಿ ಈ ಎರಡು ಲೆಕ್ಕಗಳಲ್ಲೇ. ಲಸಿಕೆ ಹಾಕಿಸಿದ ಮರುದಿನವೂ ಜ್ವರ ಬಂದು ಎರಡು ಮೂರು ದಿನ ಹಾಲು ಇಳಿಯುವುದುಂಟು. ಅದು ಚುಚ್ಚಿದ ದಿನಕ್ಕೆ ಹೊಂದಿಕೊಂಡಿರುತ್ತದೆ, ಹುಣ್ಣು ಇರುವುದಿಲ್ಲ, ತಾನಾಗಿ ಸರಿಹೋಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ಜೊಲ್ಲು ಸುರಿಸುವ ದನದ ಬಾಯಿಗೆ ಬರಿಗೈ ಹಾಕಬೇಡಿ. ಹುಚ್ಚುನಾಯಿ ಕಚ್ಚಿದ ದನವೂ ಹೀಗೆಯೇ ಜೊಲ್ಲು ಸುರಿಸುತ್ತದೆ, ಮೇವು ಬಿಡುತ್ತದೆ. ಕಾಲುಬಾಯಿ ಬೇನೆ ಎಂದು ಭಾವಿಸಿ ಬಾಯಿ ತೆರೆದು ನೋಡಿದವರು ರೇಬೀಸ್‌ನ ಅಪಾಯಕ್ಕೆ ಒಡ್ಡಿಕೊಳ್ಳುತ್ತಾರೆ. ಬಾಯಿಯ ಪರೀಕ್ಷೆಯನ್ನು ಕೈಗವಸು ತೊಟ್ಟ ವೈದ್ಯರಿಗೇ ಬಿಡಿ. ಮೂರು ದಿನದ ಜ್ವರದಲ್ಲೂ ಜೊಲ್ಲು ಮತ್ತು ಕುಂಟು ಇರುತ್ತವೆ, ಆದರೆ ಗುಳ್ಳೆ ಇರುವುದಿಲ್ಲ. ಚರ್ಮಗಂಟು ರೋಗದಲ್ಲಿ ಮೈಮೇಲೆ ಗಂಟುಗಳು ಏಳುತ್ತವೆ. ಬರಿಯ ಗೊರಸು ಕೊಳೆತದಲ್ಲಿ ಬಾಯಿ ಶುದ್ಧವಾಗಿರುತ್ತದೆ. ಇವುಗಳನ್ನು ಬೇರ್ಪಡಿಸುವುದೂ ವೈದ್ಯರ ಕೆಲಸವೇ. ರಾಜ್ಯದಲ್ಲಿ 1962ಕ್ಕೆ ಕರೆ ಮಾಡಿದರೆ ಪಶು ಚಿಕಿತ್ಸಾ ವಾಹನದ ನೆರವು ಕೇಳಬಹುದು.

ಪ್ರಶ್ನೆ: ಲಸಿಕೆ ಹಾಕಿದರೂ ರಕ್ತದಲ್ಲಿ ಪ್ರತಿಕಾಯ ಬರುತ್ತದೆ, ಬೇನೆ ಬಂದರೂ ಬರುತ್ತದೆ. ಹಾಗಿರುವಾಗ ರಕ್ತಪರೀಕ್ಷೆಯಿಂದ ಎರಡನ್ನೂ ಬೇರ್ಪಡಿಸುವುದು ಸಾಧ್ಯವೇ? (ಹೈನುಗಾರಿಕೆ ಆರಂಭಿಸಿರುವ ಯುವ ಓದುಗರು, ಹಾಸನ)

ಉತ್ತರ: ಈ ಪ್ರಶ್ನೆಯೇ ಹಲವು ವರ್ಷ ಜಗತ್ತಿನ ಪಶುವೈದ್ಯರನ್ನು ಕಾಡಿತ್ತು. 2001ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಎಸೆಕ್ಸ್‌ನ ಕಸಾಯಿಖಾನೆಯೊಂದಕ್ಕೆ ಬಂದ ಹಂದಿಗಳಲ್ಲಿ ಬೇನೆ ಪತ್ತೆಯಾಯಿತು. ಅಷ್ಟರಲ್ಲಾಗಲೇ ಲಕ್ಷಣ ಸರಿಯಾಗಿ ತೋರದ ಕುರಿಗಳು ಸಂತೆಗಳ ಮೂಲಕ ಸೋಂಕನ್ನು ದೇಶದುದ್ದಕ್ಕೂ ಒಯ್ದಿದ್ದವು. ಬೇನೆಯನ್ನು ತೊಡೆಯಲು ಅಲ್ಲಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಲಾಯಿತು. ಲಸಿಕೆ ಲಭ್ಯವಿದ್ದರೂ ಬ್ರಿಟನ್ ಅದನ್ನು ಬಳಸಲಿಲ್ಲ. ಬಳಸಿದ್ದರೆ ಯಾವ ಪ್ರಾಣಿಯಲ್ಲಿರುವುದು ಲಸಿಕೆಯ ಪ್ರತಿಕಾಯ, ಯಾವುದರಲ್ಲಿರುವುದು ಸೋಂಕಿನದು ಎಂದು ಮಾಂಸ ಕೊಳ್ಳುವ ದೇಶಗಳಿಗೆ ಖಚಿತಪಡಿಸುವುದು ಕಷ್ಟವೆಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಪರೀಕ್ಷೆಯ ಮೇಲಿನ ನಂಬಿಕೆಯ ಕೊರತೆ ಎಷ್ಟು ಜೀವಗಳಿಗೆ ಎರವಾಗಬಲ್ಲದೆಂಬುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಈಗ ಬೇರ್ಪಡಿಸಲು ಸಾಧ್ಯವಿದೆ. ವೈರಸ್ಸಿಗೆ ಹೊರಕವಚದ ಪ್ರೋಟೀನುಗಳಿವೆ. ಅವಲ್ಲದೆ, ಅದು ಹಸುವಿನ ಜೀವಕೋಶದೊಳಗೆ ಹೊಕ್ಕು ತನ್ನ ಪ್ರತಿಗಳನ್ನು ಮಾಡಿಕೊಳ್ಳುವಾಗ ಮಾತ್ರ ತಯಾರಾಗುವ ಬೇರೆ ಪ್ರೋಟೀನುಗಳೂ ಇವೆ. ಇವು ಕವಚದ ಭಾಗವಲ್ಲ. ಮನೆ ಕಟ್ಟುವಾಗ ಹಾಕುವ ಸಾರುವೆ ಮನೆ ಮುಗಿದ ಮೇಲೆ ಹೇಗೆ ಉಳಿಯುವುದಿಲ್ಲವೋ ಹಾಗೆ ಈ ಎರಡನೆಯ ಬಗೆಯ ಪ್ರೋಟೀನುಗಳು ಸಿದ್ಧಗೊಂಡ ವೈರಸ್ಸಿನ ಕವಚದಲ್ಲಿ ಇರುವುದಿಲ್ಲ. ಲಸಿಕೆಯನ್ನು ತಯಾರಿಸುವಾಗ ಜೀವಕೋಶಗಳಲ್ಲಿ ವೈರಸ್ಸನ್ನು ಬೆಳೆಸಿ, ರಾಸಾಯನಿಕದಿಂದ ಅದನ್ನು ನಿಷ್ಕ್ರಿಯಗೊಳಿಸಿ, ಈ ಒಳಗಿನ ಪ್ರೋಟೀನುಗಳನ್ನು ಶುದ್ಧೀಕರಣದಲ್ಲಿ ತೆಗೆದುಹಾಕುತ್ತಾರೆ. ಹಾಗಾಗಿ ಒಳ್ಳೆಯ ಲಸಿಕೆ ಪಡೆದ ಹಸುವಿನ ರಕ್ತದಲ್ಲಿ ಕವಚದ ವಿರುದ್ಧದ ಪ್ರತಿಕಾಯ ಮಾತ್ರ ಇರುತ್ತದೆ. ಜೀವಂತ ವೈರಸ್ಸು ಒಳಗೆ ಬೆಳೆದ ಹಸುವಿನಲ್ಲಿ ಎರಡೂ ಬಗೆಯ ಪ್ರತಿಕಾಯಗಳು ಇರುತ್ತವೆ. 3ಎಬಿಸಿ ಎಂಬ ಪ್ರೋಟೀನಿನ ವಿರುದ್ಧದ ಪ್ರತಿಕಾಯವನ್ನು ಹುಡುಕುವ ಎಲಿಸಾ ಪರೀಕ್ಷೆ ಜಗತ್ತಿನಾದ್ಯಂತ ಬಳಕೆಯಲ್ಲಿದೆ; ಭಾರತದಲ್ಲಿ ಇದೇ ತತ್ತ್ವದ 3ಎಬಿ3 ಎಲಿಸಾವನ್ನು ನಮ್ಮ ವಿಜ್ಞಾನಿಗಳೇ ರೂಪಿಸಿದ್ದಾರೆ. ಈ ಬೇನೆಗೆಂದೇ ಇರುವ ರಾಷ್ಟ್ರೀಯ ಸಂಸ್ಥೆ ಮೊದಲು ಉತ್ತರಾಖಂಡದ ಮುಕ್ತೇಶ್ವರದಲ್ಲಿತ್ತು, ಈಗ ಒಡಿಶಾದ ಭುವನೇಶ್ವರದ ಬಳಿ ಇದೆ.

ಆದರೆ ಇದನ್ನು ಒಂದು ಹಸುವಿನ ಭವಿಷ್ಯ ಹೇಳುವ ಪರೀಕ್ಷೆಯೆಂದು ತಿಳಿದರೆ ತಪ್ಪಾಗುತ್ತದೆ. ಸೋಂಕು ತಗುಲಿದ ಮೇಲೆ ಈ ಪ್ರತಿಕಾಯ ಕಾಣಿಸಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಅದಕ್ಕಿಂತ ಮೊದಲು ರಕ್ತ ತೆಗೆದರೆ ಬೇನೆಯಿದ್ದರೂ ಇಲ್ಲವೆಂದು ಬರಬಹುದು. ಮುಖ್ಯವಾದ ತೊಡಕು ಇನ್ನೊಂದಿದೆ. ಲಸಿಕೆಯ ಬಲದಿಂದ ವೈರಸ್ಸು ಗಂಟಲಿನಲ್ಲಿ ಬಹಳ ಕಡಿಮೆ ಬೆಳೆದಿದ್ದರೆ ಒಳಪ್ರೋಟೀನುಗಳೂ ಕಡಿಮೆಯೇ ತಯಾರಾಗಿರುತ್ತವೆ, ಪ್ರತಿಕಾಯ ಪರೀಕ್ಷೆಗೆ ಸಿಗದಷ್ಟು ಕ್ಷೀಣವಾಗಿರಬಹುದು. ಅಂದರೆ, ಲಸಿಕೆಯಾದ ಹಸುವಿನಲ್ಲಿ ಲಕ್ಷಣ ಮರೆಯಾಗುವಂತೆಯೇ ಪರೀಕ್ಷೆಯ ಸುಳಿವೂ ಮಸುಕಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಸಾಕಷ್ಟು ಶುದ್ಧವಲ್ಲದ ಲಸಿಕೆಯನ್ನು ಮತ್ತೆ ಮತ್ತೆ ಪಡೆದ ಹಳೆಯ ಹಸುವಿನಲ್ಲಿ ಸೋಂಕಿಲ್ಲದೆಯೂ ಈ ಪ್ರತಿಕಾಯ ತುಸು ಕಾಣಬಹುದು. ಇದೇ ಕಾರಣಕ್ಕೆ ತಜ್ಞರು ಒಂದೇ ಹಸುವಿನ ವರದಿಯನ್ನು ನಂಬದೆ ಇಡೀ ಹಿಂಡಿನ ರಕ್ತವನ್ನು ನೋಡುತ್ತಾರೆ: ಧನಾತ್ಮಕ ವರದಿಗಳು ಒಂದೇ ಕೊಟ್ಟಿಗೆಯಲ್ಲಿ ಗುಂಪಾಗಿವೆಯೇ, ಎರಡು ಮೂರು ವಾರ ಬಿಟ್ಟು ಮತ್ತೆ ನೋಡಿದಾಗ ಹೆಚ್ಚುತ್ತಿವೆಯೇ ಎಂಬುದು ಅವರಿಗೆ ಮುಖ್ಯ. ಕಡಿಮೆ ಬಾರಿ ಲಸಿಕೆ ಪಡೆದಿರುವ, ಆರು ತಿಂಗಳಿಂದ ಒಂದೂವರೆ ವರ್ಷದ ನಡುವಿನ ಪಡ್ಡೆಗಳ ರಕ್ತಕ್ಕೆ ಅವರು ಹೆಚ್ಚು ಬೆಲೆ ಕೊಡುವುದೂ ಇದಕ್ಕಾಗಿಯೇ.

ಲಸಿಕೆಯನ್ನೇ ಕಾಣದ ದನದಲ್ಲಿ ಲೆಕ್ಕ ಸುಲಭ. ಅದರ ರಕ್ತದಲ್ಲಿ ಕವಚದ ವಿರುದ್ಧವಾಗಲಿ ಒಳಪ್ರೋಟೀನಿನ ವಿರುದ್ಧವಾಗಲಿ ಪ್ರತಿಕಾಯ ಸಿಕ್ಕರೆ ಅದು ಹಿಂದೆ ಸೋಂಕು ತಗುಲಿದ್ದರ ಗುರುತೇ ಸರಿ. ಎಳೆಗರು ಮಾತ್ರ ಇದಕ್ಕೆ ಹೊರತು: ತಾಯಿಯ ಗಿಣ್ಣುಹಾಲಿನಿಂದ ಬಂದ ಪ್ರತಿಕಾಯಗಳು ಅದರ ರಕ್ತದಲ್ಲಿ ಕೆಲವು ತಿಂಗಳು ಇರುತ್ತವೆ, ಆ ಪ್ರತಿಕಾಯ ಹೇಳುವುದು ತಾಯಿಯ ಕತೆಯನ್ನು. ವರದಿ ಓದುವ ಮುನ್ನ ಯಾವ ಪ್ರೋಟೀನಿನ ವಿರುದ್ಧದ ಪ್ರತಿಕಾಯ ನೋಡಿದ್ದಾರೆ, ಹಸುವಿಗೆ ಕೊನೆಯ ಲಸಿಕೆ ಎಂದು ಆಗಿತ್ತು, ಅದರ ವಯಸ್ಸೆಷ್ಟು ಎಂಬ ಮೂರನ್ನೂ ನೀವು ಕೇಳಲೇಬೇಕು. ಹಸುವಿನ ಕಿವಿಯೋಲೆಯ 12 ಅಂಕಿಗಳ ಸಂಖ್ಯೆಯೊಂದಿಗೆ ಲಸಿಕೆಯ ದಿನಾಂಕ ದಾಖಲಾಗಿದ್ದರೆ ಈ ಉತ್ತರಗಳಿಗಾಗಿ ಯಾರ ನೆನಪನ್ನೂ ನೆಚ್ಚಬೇಕಾಗಿಲ್ಲ. ಓಲೆ ಬೇಡವೆಂದು ದನವನ್ನು ಮರೆಮಾಡುವವರು ಇದನ್ನು ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ನಮ್ಮ ಹಾಲು ಉತ್ಪಾದಕರ ಸಂಘದ ವ್ಯಾಪ್ತಿಯಲ್ಲಿ ಶಂಕೆ ಬಂದಾಗಲೆಲ್ಲ ಪ್ರಯೋಗಾಲಯಕ್ಕೆ ರಕ್ತ ಕಳಿಸಿ ಎಂದು ಸದಸ್ಯರು ಒತ್ತಾಯಿಸುತ್ತಾರೆ. ಅದು ಸರಿಯೇ? (ಸಂಘವೊಂದರ ಕಾರ್ಯದರ್ಶಿ, ಮಂಡ್ಯ ಜಿಲ್ಲೆ)

ಉತ್ತರ: ಬೇನೆ ಹೊಸದಾಗಿದ್ದಾಗ ರಕ್ತದ ಪ್ರತಿಕಾಯಕ್ಕಿಂತ ಗುಳ್ಳೆಯ ಸಿಪ್ಪೆಯೇ ಹೆಚ್ಚು ಮಾತನಾಡುತ್ತದೆ. ಒಡೆಯದ ಅಥವಾ ಆಗತಾನೇ ಒಡೆದ ಗುಳ್ಳೆಯಿಂದ ಸುಮಾರು ಒಂದು ಗ್ರಾಂ ಸಿಪ್ಪೆಯನ್ನು ವೈದ್ಯರು ತೆಗೆದು, ಗ್ಲಿಸರಿನ್ ಬೆರೆಸಿದ ತಟಸ್ಥ ದ್ರಾವಣದಲ್ಲಿಟ್ಟು, ಮಂಜುಗಡ್ಡೆಯ ನಡುವೆ ಕಳಿಸಬೇಕು. ಈ ವೈರಸ್ಸಿಗೆ ಹುಳಿ ಆಗದು, ಆಮ್ಲಾಂಶದ ಅಳತೆ ಪಿಎಚ್ 6ಕ್ಕಿಂತ ಕೆಳಗಿಳಿದರೆ ಅದು ನಾಶವಾಗುತ್ತದೆ. ಆದ್ದರಿಂದ ಸಿಪ್ಪೆಯನ್ನು ಸಾದಾ ನೀರಿನಲ್ಲೋ ಫಾರ್ಮಲಿನ್‌ನಲ್ಲೋ ಹಾಕಿ ಕಳಿಸಿದರೆ ಶ್ರಮ ವ್ಯರ್ಥ. ಪ್ರಯೋಗಾಲಯದಲ್ಲಿ ವೈರಸ್ಸಿನ ಪ್ರೋಟೀನನ್ನೇ ಹಿಡಿಯುವ ಎಲಿಸಾ ಮತ್ತು ಅದರ ಆರ್‌ಎನ್‌ಎಯನ್ನು ಹಿಡಿಯುವ ಪಿಸಿಆರ್ ಪರೀಕ್ಷೆಗಳು ನಡೆಯುತ್ತವೆ. ಇವು ವೈರಸ್ಸನ್ನೇ ಹುಡುಕುವುದರಿಂದ ಹಸುವಿಗೆ ಲಸಿಕೆಯಾಗಿದೆಯೋ ಇಲ್ಲವೋ ಎಂಬುದು ಇಲ್ಲಿ ಅಡ್ಡಬರುವುದಿಲ್ಲ. ಲಸಿಕೆಯಾದ ಹಸುವಿನ ಒಂದೇ ಒಂದು ಸಣ್ಣ ಹುಣ್ಣೂ ಉತ್ತರ ಕೊಡಬಲ್ಲದು. ಜೊತೆಗೆ ವೈರಸ್ಸಿನ ವಿಧವೂ ತಿಳಿಯುತ್ತದೆ. ಏಳು ವಿಧಗಳಲ್ಲಿ ನಮ್ಮ ದೇಶದಲ್ಲಿ ಈಗ ಓಡಾಡುವುದು ಒ, ಎ ಮತ್ತು ಏಷ್ಯಾ-1. ಸಿ ವಿಧ 1995ರ ನಂತರ ಇಲ್ಲಿ ಕಂಡಿಲ್ಲ. ಒಂದು ವಿಧದ ವಿರುದ್ಧದ ರಕ್ಷಣೆ ಇನ್ನೊಂದಕ್ಕೆ ಒದಗುವುದಿಲ್ಲವಾದ್ದರಿಂದ ನಮ್ಮ ಲಸಿಕೆಯಲ್ಲಿ ಈ ಮೂರೂ ಇರುತ್ತವೆ.

ಹುಣ್ಣು ಮಾಯ್ದು ವಾರ ದಾಟಿದ್ದರೆ ಸಿಪ್ಪೆ ಸಿಗುವುದಿಲ್ಲ. ಆಗ ರಕ್ತದ ಪರೀಕ್ಷೆಯೇ ದಾರಿ. ಹುಣ್ಣೇ ಆಗದ, ಲಸಿಕೆಯಾದ ಹಸುವಿನಲ್ಲಿ ಗಂಟಲಿನ ಲೋಳೆಯನ್ನು ಉದ್ದನೆಯ ಹಿಡಿಯ ಪುಟ್ಟ ಬಟ್ಟಲಿನಿಂದ ಕೆರೆದು ತೆಗೆಯುವ ಕ್ರಮವಿದೆ. ಮಾದರಿಯನ್ನು ಬಸ್ಸಿನಲ್ಲಿ ಯಾರ ಕೈಯಲ್ಲೋ ಕಳಿಸುವುದು ಬೇಡ. ತಾಲ್ಲೂಕಿನ ಪಶು ಆಸ್ಪತ್ರೆಯ ಮೂಲಕ ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯನ್ನು ಸಂಪರ್ಕಿಸಿ. ಕಾಲುಬಾಯಿ ಬೇನೆ 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯ ಪಟ್ಟಿಯಲ್ಲಿದೆ, ಶಂಕೆ ಬಂದಾಗ ತಿಳಿಸುವುದು ಮಾಲೀಕರ ಕರ್ತವ್ಯ. ವರದಿ ಬರುವವರೆಗೆ ಆ ಕೊಟ್ಟಿಗೆಯ ಹಾಲನ್ನು ಡೇರಿಯ ಕ್ಯಾನಿಗೆ ಸುರಿಯಬೇಡಿ. ಲಕ್ಷಣ ಕಾಣುವ ನಾಲ್ಕು ದಿನ ಮೊದಲೇ ಹಾಲಿನಲ್ಲಿ ವೈರಸ್ಸು ಇರಬಹುದು, ಕ್ಯಾನು ಮನೆಯಿಂದ ಮನೆಗೆ ಹೋಗುತ್ತದೆ. ನೆಲ, ಬಾನಿ, ಚಪ್ಪಲಿಗಳನ್ನು ಶೇಕಡಾ 4ರ ವಾಷಿಂಗ್ ಸೋಡಾ ದ್ರಾವಣದಿಂದ ತೊಳೆಯಿಸಿ. ಅದು ಅಗ್ಗ, ಹಳ್ಳಿಯ ಅಂಗಡಿಯಲ್ಲೇ ಸಿಗುತ್ತದೆ, ಈ ವೈರಸ್ಸಿಗೆ ಸರಿಯಾದ ಮದ್ದು.

ಪ್ರಶ್ನೆ: ಲಸಿಕೆ ಹಾಕಿದ ಐದನೆಯ ದಿನಕ್ಕೇ ನಮ್ಮ ಹಸುವಿಗೆ ಕಾಲುಬಾಯಿ ಬೇನೆ ಬಂತು. ಲಸಿಕೆಯಿಂದಲೇ ಬಂತೆಂದು ಊರಿನವರು ಹೇಳುತ್ತಿದ್ದಾರೆ. ಮುಂದೆ ಹಾಕಿಸಬೇಕೇ? (ತುಮಕೂರು ಜಿಲ್ಲೆಯ ಓದುಗರು)

ಉತ್ತರ: ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ಲಸಿಕೆಯಿಂದ ಬೇನೆ ಬರುವುದಿಲ್ಲ, ಅದರಲ್ಲಿರುವುದು ನಿಷ್ಕ್ರಿಯಗೊಳಿಸಿದ ವೈರಸ್ಸು. ಸೋಂಕು ಒಳಹೊಕ್ಕು ಲಕ್ಷಣ ಕಾಣಲು 14 ದಿನದವರೆಗೂ ಹಿಡಿಯಬಹುದಾದ್ದರಿಂದ ಐದನೆಯ ದಿನ ಗುಳ್ಳೆ ಕಂಡ ಹಸುವಿಗೆ ಚುಚ್ಚುವ ಮುನ್ನವೇ ಸೋಂಕು ತಗುಲಿದ್ದಿರಬಹುದು, ಅಥವಾ ಚುಚ್ಚಿದ ಮೇಲೆ ರಕ್ಷಣೆ ಬೆಳೆಯುವ ಮೊದಲೇ ತಗುಲಿರಬಹುದು. ರಕ್ಷಣೆ ಗಟ್ಟಿಯಾಗಲು ಎರಡು ಮೂರು ವಾರವಾದರೂ ಬೇಕು. ಒಂದು ಸಂಗತಿಯನ್ನು ಮಾತ್ರ ನೀವು ವಿಚಾರಿಸಿಕೊಳ್ಳಬಹುದು: ಬೇನೆಯಿರುವ ಊರಿನಲ್ಲಿ ಪ್ರತಿ ದನಕ್ಕೂ ಸೂಜಿ ಬದಲಿಸಿದ್ದರೇ, ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಬಂದಿತ್ತೇ ಎಂದು ಕೇಳುವುದು ರೈತರ ಹಕ್ಕು, ಅದನ್ನು ಯಾರೂ ತಪ್ಪಾಗಿ ತಿಳಿಯಬಾರದು. ಬಿಸಿಲಿನಲ್ಲಿ ಕೆಟ್ಟ ಲಸಿಕೆಯೂ, ಫ್ರೀಜರಿನಲ್ಲಿ ಹೆಪ್ಪುಗಟ್ಟಿದ ಲಸಿಕೆಯೂ ನೋಡಲು ಸರಿಯಿದ್ದಂತೆ ಕಂಡರೂ ರಕ್ಷಣೆ ಕೊಡಲಾರವು.

ಹಾಕಿಸಲೇಬೇಕು. ಕರುವಿಗೆ ನಾಲ್ಕು ತಿಂಗಳಾದಾಗ ಮೊದಲನೆಯದು, ಒಂದು ತಿಂಗಳ ನಂತರ ವರ್ಧಕ (ಬೂಸ್ಟರ್), ಅಲ್ಲಿಂದ ಆರು ತಿಂಗಳಿಗೊಮ್ಮೆ. ವರ್ಧಕವನ್ನು ಬಿಟ್ಟ ಕರು ಲಸಿಕೆಯಾದದ್ದೆಂದು ಪುಸ್ತಕದಲ್ಲಿ ಇರುತ್ತದೆ, ಮೈಯಲ್ಲಿ ರಕ್ಷಣೆ ಬೇಗ ಇಳಿದುಹೋಗಿರುತ್ತದೆ. ತುಂಬು ಗಬ್ಬದ ಹಸುವಿದ್ದರೆ ಲಸಿಕೆ ಹಾಕುವವರಿಗೆ ಮೊದಲೇ ಹೇಳಿ, ಅದನ್ನು ಕೆಡವದೆ, ಗಾಬರಿಪಡಿಸದೆ ಹಿಡಿಯಬೇಕು. 2013ರಲ್ಲಿ ನಮ್ಮ ರಾಜ್ಯದ ದಕ್ಷಿಣದ ಜಿಲ್ಲೆಗಳಲ್ಲಿ ಈ ಬೇನೆಗೆ ಸಾವಿರಾರು ದನಗಳು ಸತ್ತದ್ದನ್ನು ಕಂಡ ಯಾರಿಗೂ ಲಸಿಕೆ ಬೇಡವೆನ್ನುವ ಧೈರ್ಯ ಬರಲಾರದು. 2019ರ ಸೆಪ್ಟೆಂಬರಿನಲ್ಲಿ ಮಥುರಾದಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಲಸಿಕೆ ಉಚಿತವಾಗಿ ಸಿಗುತ್ತಿದೆ. 2030ರ ಹೊತ್ತಿಗೆ ಬೇನೆಯನ್ನು ನಿರ್ಮೂಲನೆ ಮಾಡುವುದು ಅದರ ಗುರಿ.

ಪ್ರಶ್ನೆ: ಬೇನೆ ಬಂದ ಹಸುವಿನ ಹಾಲು ಮಕ್ಕಳಿಗೆ ಕೊಡಬಹುದೇ? ಶಾಲೆಯ ಮಕ್ಕಳಿಗೆ ಕೈ, ಕಾಲು, ಬಾಯಿಯಲ್ಲಿ ಗುಳ್ಳೆ ಬರುವುದು ಇದರಿಂದಲೇ? (ಮೈಸೂರಿನ ಓದುಗರು)

ಉತ್ತರ: ಮಕ್ಕಳ ಆ ರೋಗದ ವೈರಸ್ಸು ಬೇರೆ, ದನಕ್ಕೂ ಅದಕ್ಕೂ ಸಂಬಂಧವಿಲ್ಲ. ಕಾಲುಬಾಯಿ ಬೇನೆ ಮನುಷ್ಯರಿಗೆ ತಗುಲುವುದು ಅತ್ಯಂತ ಅಪರೂಪ. ಆದರೂ ರೋಗಿ ಹಸುವಿನ ಹಾಲು ಕುಡಿಯಲು ಬೇಡ; ಉಳಿದ ಹಸುಗಳ ಹಾಲನ್ನು ಎಂದಿನಂತೆ ಚೆನ್ನಾಗಿ ಕಾಯಿಸಿ ಬಳಸಿ. ರೋಗಿ ಹಸುವಿನ ಹಸಿಹಾಲನ್ನು ಕರುವಿಗೂ ಹಂದಿಗೂ ಹಾಕಬಾರದು.

ಪ್ರಶ್ನೆ: ಕಳೆದ ವರ್ಷ ಬೇನೆ ಬಂದು ವಾಸಿಯಾದ ಹಸುವೊಂದು ಕಡಿಮೆ ಬೆಲೆಗೆ ಸಿಗುತ್ತಿದೆ. ಕೊಳ್ಳಬಹುದೇ? (ದೊಡ್ಡಬಳ್ಳಾಪುರ ತಾಲ್ಲೂಕಿನ ಓದುಗರು)

ಉತ್ತರ: ವಾಸಿಯಾದ ಹಸುವಿನ ಗಂಟಲಿನಲ್ಲಿ ವೈರಸ್ಸು ನಾಲ್ಕು ವಾರ ದಾಟಿಯೂ ಉಳಿಯುವುದುಂಟು; ಹಸುಗಳಲ್ಲಿ ಮೂರೂವರೆ ವರ್ಷದವರೆಗೆ ಉಳಿದ ನಿದರ್ಶನಗಳಿವೆ. ಲಸಿಕೆಯಾದ ಹಸು ಲಕ್ಷಣ ತೋರದೆಯೇ ಹೀಗೆ ವೈರಸ್ಸನ್ನು ಹೊತ್ತಿರಬಲ್ಲದು. ಇಂಥ ಹಸುಗಳಿಂದ ಬೇನೆ ಹರಡುವುದು ಅಪರೂಪವೆಂಬುದೇ ತಜ್ಞರ ಅಭಿಪ್ರಾಯ, ಆದ್ದರಿಂದ ಅದೊಂದೇ ಕಾರಣಕ್ಕೆ ಹಸುವನ್ನು ತಿರಸ್ಕರಿಸಬೇಕಾಗಿಲ್ಲ. ಆದರೆ ಬೆಲೆ ಕಡಿಮೆಯಾಗಿರುವುದಕ್ಕೆ ಬೇರೆ ಕಾರಣ ಇದ್ದೀತು. ಬೇನೆ ಬಂದುಹೋದ ಕೆಲವು ಹಸುಗಳು ಬಿಸಿಲು ತಾಳಲಾರದೆ ಏದುಸಿರು ಬಿಡುತ್ತವೆ, ಅವುಗಳ ಮೈಕೂದಲು ಒರಟಾಗಿ ಉದ್ದ ಬೆಳೆದಿರುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ, ಕೆಚ್ಚಲು ಬಾವಿನಿಂದ ಒಂದೆರಡು ಮೊಲೆ ಹಾಳಾಗಿರುತ್ತವೆ. ಹಸುವನ್ನು ಮಧ್ಯಾಹ್ನದ ಬಿಸಿಲಿನಲ್ಲಿ ನೋಡಿ, ನಾಲ್ಕೂ ಮೊಲೆಗಳಿಂದ ನೀವೇ ಹಾಲು ಕರೆದು ನೋಡಿ, ಗೊರಸಿನ ಮೇಲೆ ಅಡ್ಡಗೀರು ಇದೆಯೇ ಗಮನಿಸಿ. ಘಾಟಿ ಸುಬ್ರಹ್ಮಣ್ಯದಂಥ ಜಾತ್ರೆಯಿಂದಲೇ ಆಗಲಿ, ನೆರೆಮನೆಯಿಂದಲೇ ಆಗಲಿ ತಂದ ಹಸುವನ್ನು ಮೂರು ವಾರ ಬೇರೆ ಕಟ್ಟಿ, ಬೇರೆ ಬಾನಿಯಲ್ಲಿ ನೀರು ಕೊಡಿ. ಅದರ ಕೆಲಸವನ್ನು ಉಳಿದ ದನಗಳ ಕೆಲಸ ಮುಗಿದ ಮೇಲೆ ಮಾಡಿ. ಕಿವಿಯೋಲೆಯ ಸಂಖ್ಯೆಯನ್ನು ಪಶು ಆಸ್ಪತ್ರೆಗೆ ಕೊಟ್ಟು ಕೊನೆಯ ಲಸಿಕೆಯ ದಿನಾಂಕ ತಿಳಿದುಕೊಂಡು, ಆರು ತಿಂಗಳು ದಾಟಿದ್ದರೆ ಆ ಮೂರು ವಾರಗಳ ಮೊದಲ ದಿನವೇ ಲಸಿಕೆ ಹಾಕಿಸಿ.